ತಾಲ್ಲೂಕು ಆಸ್ಪತ್ರೆಯ ರಾತ್ರಿ: ಆರೋಗ್ಯ ರಕ್ಷಾ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಾನು ಸರ್ಕಾರಿ ಮಕ್ಕಳ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಾಧಿಕಾರಿ. ಬಾಗಿಲಿನ ಪಕ್ಕದ ಮೇಜು ನನ್ನದು. ಆಂಬುಲೆನ್ಸ್‌ನಲ್ಲೋ ಆಟೋದಲ್ಲೋ ಬಂದಿಳಿದ ಮಗುವನ್ನು ಮೊದಲು ನೋಡಿ, ಈ ಕ್ಷಣವೇ ಒಳಗೆ ಎತ್ತಿಕೊಂಡು ಹೋಗಬೇಕೋ, ಸಾಲು ಬಿಡಿಸಿ ಬೇಗ ತೋರಿಸಬೇಕೋ, ಸರದಿಯಲ್ಲಿ ಕಾಯಬಹುದೋ ಎಂದು ವಿಂಗಡಿಸುವುದು ನನ್ನ ಕೆಲಸ. ಆಸ್ಪತ್ರೆಯ ಹೆಸರನ್ನು ಬರೆಯುತ್ತಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ ಎಲ್ಲಿಯ ಸಿಸ್ಟರ್‌ಗಳು ತರಬೇತಿಗೆಂದು ಒಟ್ಟು ಸೇರಿದರೂ ನಾವು ಆಡಿಕೊಳ್ಳುವುದು ಒಂದೇ ಸಂಕಟವನ್ನು: ಜಾಗವಿಲ್ಲ, ಮಕ್ಕಳು ಮಾತ್ರ ಬರುತ್ತಲೇ ಇದ್ದಾರೆ.

ಈ ಪತ್ರವನ್ನು ಆರೋಗ್ಯ ಸಚಿವರಿಗೂ ಬರೆಯಬಹುದಿತ್ತು. ಇನ್ನಷ್ಟು ಬೆಡ್ ಕೊಡಿ, ಇನ್ನೊಂದು ಬ್ಲಾಕ್ ಕಟ್ಟಿಸಿ ಎಂದು ಕೇಳಬಹುದಿತ್ತು. ಅದನ್ನು ಕೇಳುವವರು ಬೇರೆ ಇದ್ದಾರೆ, ಕೇಳುತ್ತಲೂ ಇದ್ದಾರೆ. ನಿಮಗೆ ಬರೆಯುತ್ತಿರುವುದಕ್ಕೆ ಕಾರಣ ಬೇರೆ. ನಮ್ಮ ಬಾಗಿಲಲ್ಲಿ ಕಾಣುವ ನೂಕುನುಗ್ಗಲಿನ ದೊಡ್ಡ ಪಾಲು ಹುಟ್ಟುವುದು ನಿಮ್ಮ ಊರಿನಲ್ಲಿ, ಅದೂ ಸಂಜೆ ಹೊರರೋಗಿ ವಿಭಾಗ ಮುಚ್ಚಿದ ಮೇಲೆ. ಅದನ್ನು ತಗ್ಗಿಸುವ ಅಧಿಕಾರ ಮತ್ತು ಹಣ ಎರಡೂ ನಿಮ್ಮ ಸಮಿತಿಯ ಕೈಯಲ್ಲಿ ಸ್ವಲ್ಪಮಟ್ಟಿಗಾದರೂ ಇವೆ. ಬಹುತೇಕ ಕಡೆ ಕ್ಷೇತ್ರದ ಶಾಸಕರೇ ನಿಮ್ಮ ಅಧ್ಯಕ್ಷರು. ಬಳಕೆದಾರರ ಶುಲ್ಕ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಮುಕ್ತ ನಿಧಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಿಂದ ಬರುವ ಮೊತ್ತ ಇವನ್ನು ಹೇಗೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಸಭೆ ನಿಮ್ಮದು.

ಮಳೆ ಹಿಡಿದ ಮೇಲೆ ನಮ್ಮ ವಿಭಾಗ ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ಎಳೆಗೂಸುಗಳ ಉಬ್ಬಸ, ನ್ಯುಮೋನಿಯ, ಜೊತೆಗೆ ಡೆಂಗಿ, ಮೂರೂ ಒಟ್ಟಿಗೆ ಬರುವ ಕಾಲ ಅದು. 2024ರಲ್ಲಿ ಡೆಂಗಿ ಎಷ್ಟು ಜೋರಾಗಿತ್ತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಅಂಥ ದಿನಗಳಲ್ಲಿ ಒಂದು ಬೆಡ್ಡಿನ ತಲೆಗೊಂದು ಕಾಲಿಗೊಂದು ಮಗುವನ್ನು ಮಲಗಿಸುತ್ತೇವೆ. ಒಂದೇ ಆಕ್ಸಿಜನ್ ಪಾಯಿಂಟಿಗೆ ಕವಲು ಹಾಕಿ ಇಬ್ಬರಿಗೆ ಕೊಡುತ್ತೇವೆ. ಒಂದು ಮಗು ಸ್ವಲ್ಪ ಸುಧಾರಿಸಿದ್ದು ಕಂಡರೆ ಅದರ ಮಾನಿಟರ್ ಬಿಚ್ಚಿ ಪಕ್ಕದ ಮಗುವಿಗೆ ಹಾಕುತ್ತೇವೆ. ಸಣ್ಣ ಕ್ಯಾನುಲಾ ಹಾಕಲು ನಾಲ್ಕು ಕೈ ಬೇಕು, ಇರುವುದು ಎರಡೇ. ಅಮ್ಮಂದಿರು ಗೋಡೆಗೊರಗಿ ನೆಲದ ಮೇಲೆ ಕೂತಿರುತ್ತಾರೆ, ಅಪ್ಪಂದಿರು ಹೊರಗೆ ಚೀಟಿ ಹಿಡಿದು ಓಡಾಡುತ್ತಿರುತ್ತಾರೆ.

ಇಕ್ಕಟ್ಟು, ಸೆಕೆ, ಗದ್ದಲ ಇವನ್ನು ಸಹಿಸಬಹುದು. ಸಹಿಸಲಾಗದ್ದು ಬೇರೆ ಇದೆ. ಮಕ್ಕಳ ದೇಹಕ್ಕೆ ಒಂದು ಗುಣವಿದೆ: ಕೊನೆಯ ಗಳಿಗೆಯವರೆಗೂ ತಡೆದುಕೊಳ್ಳುತ್ತದೆ. ದೊಡ್ಡವರಲ್ಲಿ ಬಿ.ಪಿ. ಬೇಗ ಇಳಿದು ಎಚ್ಚರಿಸುತ್ತದೆ. ಮಗುವಿನಲ್ಲಿ ಬಿ.ಪಿ. ಇಳಿಯುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ಅಂಗೈ ಅಂಗಾಲು ತಣ್ಣಗಾಗುತ್ತವೆ, ನಾಡಿ ವೇಗವಾಗಿ ತೆಳುವಾಗುತ್ತದೆ, ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಇದನ್ನು ಯಂತ್ರ ಹೇಳುವುದಿಲ್ಲ. ಯಾರಾದರೂ ಹತ್ತಿರ ಹೋಗಿ ಮುಟ್ಟಿ ನೋಡಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಮುಟ್ಟಿ ನೋಡಬೇಕು. ವಿಭಾಗ ತುಂಬಿ ತುಳುಕುವಾಗ ತಪ್ಪಿಹೋಗುವುದು ಈ ಎರಡನೆಯ ಸಲದ ಮುಟ್ಟುವಿಕೆ. ಬಂದಾಗ ಪರವಾಗಿಲ್ಲ ಎನಿಸಿದ ಮಗು ಎರಡು ಗಂಟೆಯಲ್ಲಿ ಜಾರಿರುತ್ತದೆ, ಗಮನಿಸಬೇಕಾದ ಸಿಸ್ಟರ್ ಇನ್ನೊಂದು ಮಗುವಿನ ಫಿಟ್ಸ್ ನಿಲ್ಲಿಸುತ್ತಿರುತ್ತಾಳೆ. ಸಂದಣಿಯಿಂದ ಮಕ್ಕಳು ಸಾಯುವುದು ಹೀಗೆ, ಸದ್ದಿಲ್ಲದೆ.

ಸಂದಣಿಯ ಮಾತು ಬಂದಾಗಲೆಲ್ಲ ಒಂದು ಆರೋಪ ಕೇಳುತ್ತೇನೆ. ನೆಗಡಿ ಕೆಮ್ಮಿಗೂ ಜನ ಎಮರ್ಜೆನ್ಸಿಗೆ ಓಡಿಬರುತ್ತಾರೆ, ಅವರಿಗೆ ತಿಳಿವಳಿಕೆ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು. ನಾನು ಇದನ್ನು ಒಪ್ಪುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೈ ಸುಡುವ ಮಗುವನ್ನು ಹೊತ್ತ ತಾಯಿಗೆ ಇದು ಬರೀ ನೆಗಡಿ ಎಂದು ಗೊತ್ತಿರಬೇಕೆಂದು ಹೇಗೆ ಬಯಸುವುದು? ಎರಡು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಅದನ್ನು ನಾವೇ ಹಗುರವಾಗಿ ಎಣಿಸುವುದಿಲ್ಲ. ಡೆಂಗಿಯಲ್ಲಂತೂ ಜ್ವರ ಬಿಟ್ಟ ದಿನವೇ ಅಪಾಯದ ದಿನ, ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ಮಂಕು ಶುರುವಾಗುತ್ತದೆ. ಅನುಮಾನವಿದ್ದಾಗ ಬಂದುಬಿಡುವ ತಾಯಿಯೇ ಸರಿ. ಅಲ್ಲದೆ ನೆಗಡಿಯ ಮಗು ನಮ್ಮಲ್ಲಿ ಹಿಡಿಯುವ ಜಾಗ ಬಹಳ ಕಡಿಮೆ. ನಾನು ಉಸಿರು ಎಣಿಸುತ್ತೇನೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಯೋಚಿಸಬೇಕು. ಪಕ್ಕೆ ಸೆಳೆತವಿಲ್ಲ, ಹಾಲು ಕುಡಿಯುತ್ತಿದೆ, ಆಡುತ್ತಿದೆ ಎಂದಾದರೆ ಡಾಕ್ಟರು ನೋಡಿ ಔಷಧಿ ಬರೆದು ಕಳಿಸುತ್ತಾರೆ. ಅದು ಬೆಡ್ ಕೇಳುವುದಿಲ್ಲ, ಆಕ್ಸಿಜನ್ ಕೇಳುವುದಿಲ್ಲ.

ಜಾಗ ಹಿಡಿಯುವವರು ಎರಡು ಬಗೆಯವರು. ಒಂದು, ಬರಬೇಕಾದದ್ದಕ್ಕಿಂತ ತಡವಾಗಿ, ಬರಬಾರದ ಸ್ಥಿತಿಯಲ್ಲಿ ದೂರದಿಂದ ಬಂದ ಮಗು. ಇನ್ನೊಂದು, ನಮ್ಮಿಂದ ಹೊರಗೆ ಹೋಗಬೇಕಾಗಿದ್ದರೂ ಹೋಗಲಾರದ ಮಗು. ಎರಡರ ಎಳೆಯೂ ನಿಮ್ಮ ಆಸ್ಪತ್ರೆಗೆ ಬಂದು ಸೇರುತ್ತದೆ.

ಮೊದಲನೆಯದನ್ನು ಹೇಳುತ್ತೇನೆ. ರಾತ್ರಿ ಬರುವ ಮಕ್ಕಳ ಅಪ್ಪನ ಕಿಸೆಯಲ್ಲಿ ಒಂದು ಚೀಟಿ ಇರುತ್ತದೆ. "ಅಲ್ಲಿ ಆಗಲ್ಲ ಅಂದ್ರು ಸಿಸ್ಟರ್, ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು" ಎನ್ನುತ್ತಾ ಕೊಡುತ್ತಾರೆ. ಚೀಟಿಯಲ್ಲಿ ಮಗುವಿನ ಹೆಸರು, ವಯಸ್ಸು, 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಎಂಬ ಒಂದು ಸಾಲು, ಸೀಲು. ಮಗುವಿನ ತೂಕವಿಲ್ಲ, ಎಷ್ಟು ಗಂಟೆಗೆ ಕಳಿಸಿದರೆಂದಿಲ್ಲ, ಯಾವ ಔಷಧಿ ಎಷ್ಟು ಕೊಟ್ಟರೆಂದಿಲ್ಲ. ಬಹಳ ಸಲ ಏನನ್ನೂ ಕೊಟ್ಟಿರುವುದಿಲ್ಲ. ದಾರಿಯಲ್ಲಿ ಫಿಟ್ಸ್ ಬಂದು ನಿಲ್ಲದೆ ಬಂದ ಮಗು, ಆಕ್ಸಿಜನ್ ಇಲ್ಲದೆ ಬಾಡಿಗೆ ಕಾರಿನಲ್ಲಿ ಬಂದ ನ್ಯುಮೋನಿಯದ ಮಗು, ತಣ್ಣಗಾಗಿ ಸಕ್ಕರೆ ಅಂಶ ಇಳಿದು ಬಂದ ಹಸುಗೂಸು ಇವರೆಲ್ಲ ನನ್ನ ಮೇಜಿಗೆ ಬಂದಿದ್ದಾರೆ. ನಿಮ್ಮಲ್ಲಿ ಒಂದು ಗಂಟೆ ಚಿಕಿತ್ಸೆ ಪಡೆದಿದ್ದರೆ ವಾರ್ಡಿಗೆ ಹೋಗಬಹುದಾಗಿದ್ದ ಮಗು ದಾರಿಯಲ್ಲಿ ಕುಸಿದು ನಮ್ಮಲ್ಲಿ ವೆಂಟಿಲೇಟರ್ ಕೇಳುತ್ತದೆ. ಹಾಗೆ ಬಂದ ಒಂದೊಂದು ಮಗುವೂ ಇನ್ನಿಬ್ಬರಿಗೆ ಸಿಗಬೇಕಾದ ಕೈಗಳನ್ನು, ದಿನಗಳನ್ನು ತೆಗೆದುಕೊಳ್ಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ವಿಂಗಡಣೆಯ ಪಾಠವನ್ನು ನಾವೆಲ್ಲ ಕಲಿತಿದ್ದೇವೆ. ಅದರಲ್ಲಿ ಬೇಗ ನೋಡಬೇಕಾದ ಮಕ್ಕಳ ಪಟ್ಟಿಯೊಂದಿದೆ: ಎರಡು ತಿಂಗಳೊಳಗಿನ ಕೂಸು, ಬಿಳಿಚಿಕೊಂಡ ಮಗು, ವಿಷ ಕುಡಿದದ್ದು, ಸುಟ್ಟದ್ದು, ತೀರಾ ಸೊರಗಿದ್ದು. ಆ ಪಟ್ಟಿಯಲ್ಲಿ 'ಬೇರೆ ಆಸ್ಪತ್ರೆಯಿಂದ ಕಳಿಸಲ್ಪಟ್ಟ ಮಗು' ಎಂಬುದೂ ಇದೆ. ಒಬ್ಬ ಡಾಕ್ಟರು ನೋಡಿ ಇದು ನಮ್ಮ ಕೈಮೀರಿದ್ದು ಎಂದಿದ್ದಾರೆ, ಆದ್ದರಿಂದ ಸಾಲಿನಲ್ಲಿ ನಿಲ್ಲಿಸಬೇಡಿ ಎಂದು ಅದರ ಅರ್ಥ. ಆದರೆ ಸಾಲಿನಲ್ಲಿರುವ ಮುಕ್ಕಾಲು ಮಂದಿಯ ಕೈಯಲ್ಲೂ ಅದೇ ಚೀಟಿಯಿದ್ದರೆ ನಾನು ಯಾರನ್ನು ಮುಂದೆ ಕರೆಯಲಿ?

ಇನ್ನು ಎರಡನೆಯ ಬಗೆಯ ಮಗು. ಇದರ ಬಗ್ಗೆ ಹೊರಗಿನವರು ಮಾತಾಡುವುದು ಕಡಿಮೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುರ್ತು ವಿಭಾಗ ತುಂಬುವುದು ಬರುವವರು ಹೆಚ್ಚಾದಾಗ ಮಾತ್ರವಲ್ಲ. ಒಳಗೆ ಸೇರಿಸಲು ತೀರ್ಮಾನಿಸಿದ ಮಗುವಿಗೆ ವಾರ್ಡಿನಲ್ಲಿ ಬೆಡ್ ಖಾಲಿಯಾಗದಿದ್ದರೆ ಅದು ನಮ್ಮಲ್ಲೇ ಉಳಿಯುತ್ತದೆ. ಅಮೆರಿಕದ ತುರ್ತು ವೈದ್ಯ ಬ್ರೆಂಟ್ ಆಸ್ಪ್ಲಿನ್ ಮತ್ತು ಅವರ ಸಂಗಡಿಗರು 2003ರಲ್ಲೇ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು: ಒಳಗೆ ಬರುವ ದಾರಿ, ಒಳಗಿನ ಕೆಲಸ, ಹೊರಗೆ ಹೋಗುವ ದಾರಿ ಈ ಮೂರನ್ನೂ ಬೇರೆಬೇರೆಯಾಗಿ ನೋಡದೆ ಸಂದಣಿ ಅರ್ಥವಾಗುವುದಿಲ್ಲ ಎಂದು. ನಮ್ಮಲ್ಲಿ ಹೆಚ್ಚು ಕಟ್ಟಿಕೊಂಡಿರುವುದು ಮೂರನೆಯ ದಾರಿ. ನ್ಯುಮೋನಿಯದ ಮಗು ಐದಾರು ದಿನದಲ್ಲಿ ಅಪಾಯ ದಾಟಿರುತ್ತದೆ. ಇನ್ನೂ ಎರಡು ಮೂರು ದಿನ ಸ್ವಲ್ಪ ಆಕ್ಸಿಜನ್, ಹೊತ್ತು ಹೊತ್ತಿಗೆ ಇಂಜೆಕ್ಷನ್, ತಾಯಿಗೆ ಹಾಲೂಡಿಸಲು ನೆರವು ಇಷ್ಟು ಸಾಕು. ಇದಕ್ಕೆ ದೊಡ್ಡಾಸ್ಪತ್ರೆ ಬೇಕಿಲ್ಲ. ಮನೆಗೆ ಕಳಿಸುವಂತೆಯೂ ಇಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಫೋನ್ ಮಾಡಿ ಕೇಳಿದರೆ, "ಮೇಡಂ, ಇಲ್ಲಿ ಮಕ್ಕಳ ಡಾಕ್ಟರು ರಾತ್ರಿ ಇರಲ್ಲ, ಏನಾದರೂ ಆದರೆ ಯಾರು ಜವಾಬ್ದಾರರು?" ಎನ್ನುತ್ತಾರೆ. ಆ ಮಗು ನಮ್ಮ ವಾರ್ಡಿನಲ್ಲೇ ಉಳಿಯುತ್ತದೆ, ಅದರ ಬೆಡ್ಡಿಗಾಗಿ ಕಾಯುವ ಮಗು ತುರ್ತು ವಿಭಾಗದಲ್ಲಿ ಉಳಿಯುತ್ತದೆ, ತುರ್ತು ವಿಭಾಗದ ಬೆಡ್ಡಿಗಾಗಿ ಕಾಯುವ ಮಗು ನನ್ನ ಮೇಜಿನ ಮುಂದೆ ಅಮ್ಮನ ತೊಡೆಯ ಮೇಲೆ ಉಳಿಯುತ್ತದೆ. ಅದೇ ರಾತ್ರಿ ನಿಮ್ಮ ಮಕ್ಕಳ ವಾರ್ಡಿನ ಬೆಡ್‌ಗಳು ಖಾಲಿ ಬಿದ್ದಿರುತ್ತವೆ. ಈ ರಾಜ್ಯದಲ್ಲಿ ಮಕ್ಕಳಿಗೆ ಬೆಡ್ ಸಾಲದು ಎಂಬ ಮಾತಿನಲ್ಲಿ ನಿಜವಿದೆ. ಇರುವ ಬೆಡ್‌ಗಳಲ್ಲಿ ಎಷ್ಟೋ ರಾತ್ರಿಯ ಹೊತ್ತು ಬಾಗಿಲು ಮುಚ್ಚಿಕೊಂಡಿರುತ್ತವೆ ಎಂಬುದೂ ಅಷ್ಟೇ ನಿಜ.

ಇದು ಬಡ ರಾಜ್ಯಗಳ ತೊಂದರೆ ಎಂದುಕೊಳ್ಳಬೇಡಿ. 2022ರ ನವೆಂಬರಿನಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆರ್‌ಎಸ್‌ವಿ, ಫ್ಲೂ, ಕೋವಿಡ್ ಎಂಬ ಮೂರು ಉಸಿರಾಟದ ಸೋಂಕುಗಳು ಒಟ್ಟಿಗೆ ಬಂದವು. ಟೊರಾಂಟೊದ ಸಿಕ್‌ಕಿಡ್ಸ್ ಆಸ್ಪತ್ರೆ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಒಟ್ಟಾವಾದ ಮಕ್ಕಳ ಆಸ್ಪತ್ರೆ ಇನ್ನೊಂದು ತೀವ್ರ ನಿಗಾ ಘಟಕವನ್ನೇ ತೆರೆಯಿತು, ಕೆಲಸಕ್ಕೆ ಕೈ ಸಾಲದೆ ರೆಡ್ ಕ್ರಾಸ್‌ನವರು ಬಂದರು. ನನಗೆ ಮುಖ್ಯವೆನಿಸಿದ್ದು ಅವರ ಇನ್ನೊಂದು ತೀರ್ಮಾನ. ತೀವ್ರ ನಿಗಾ ಬೇಕಾದ ಹದಿನಾಲ್ಕು ವರ್ಷ ಮೇಲ್ಪಟ್ಟ ಮಕ್ಕಳನ್ನು ದೊಡ್ಡವರ ಆಸ್ಪತ್ರೆಗಳು ಸೇರಿಸಿಕೊಳ್ಳಬೇಕು, ಊರೂರಿನ ಸಾಮಾನ್ಯ ಆಸ್ಪತ್ರೆಗಳು ಮಕ್ಕಳಿಗೆ ಹೆಚ್ಚು ಜಾಗ ಮಾಡಿಕೊಡಬೇಕು ಎಂದು ಪ್ರಾಂತ್ಯವೇ ಹೇಳಿತು. ಅಷ್ಟು ಹಣವಿರುವ ನಾಡಿನಲ್ಲೂ ದಾರಿ ಕಂಡದ್ದು ಹೊರೆಯನ್ನು ಊರುಗಳಿಗೆ ಹಂಚಿದಾಗ.

ನಮ್ಮ ದೇಶದಲ್ಲೇ ಗೋರಖ್‌ಪುರವಿದೆ. ದಶಕಗಳ ಕಾಲ ಪೂರ್ವ ಉತ್ತರ ಪ್ರದೇಶ, ಬಿಹಾರ, ನೇಪಾಳದಿಂದ ಮೆದುಳುಜ್ವರದ ಮಕ್ಕಳೆಲ್ಲ ಅಲ್ಲಿನ ಬಿಆರ್‌ಡಿ ವೈದ್ಯಕೀಯ ಕಾಲೇಜಿಗೇ ಬರುತ್ತಿದ್ದರು. 2017ರ ಆಗಸ್ಟಿನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಹತ್ತಾರು ಮಕ್ಕಳು ತೀರಿಕೊಂಡದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಆಮೇಲೆ ಅಲ್ಲಿ ಮೆದುಳುಜ್ವರದ ಸಾವು ಬಹಳ ಇಳಿದದ್ದಕ್ಕೆ ಲಸಿಕೆ, ಕುಡಿಯುವ ನೀರು, ಮನೆಮನೆಯ ಅಭಿಯಾನ ಎಲ್ಲವೂ ಕಾರಣ. ಅವುಗಳ ಜೊತೆಗೆ ಪ್ರಾಥಮಿಕ, ಸಮುದಾಯ ಆರೋಗ್ಯ ಕೇಂದ್ರಗಳಲ್ಲೇ ಚಿಕಿತ್ಸಾ ಕೇಂದ್ರಗಳು, ಆಯ್ದ ಕಡೆ ಮಕ್ಕಳ ಸಣ್ಣ ನಿಗಾ ಘಟಕಗಳು ತೆರೆದವು. ಜ್ವರ ಬಂದ ಮಗುವಿಗೆ ಮೊದಲ ಔಷಧಿ ತನ್ನ ಊರ ಹತ್ತಿರವೇ ಸಿಗತೊಡಗಿತು.

ಹಾಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಏನು ಮಾಡಲು ಸಾಧ್ಯ? ನಾನು ಕೇಳುತ್ತಿರುವುದು ವೆಂಟಿಲೇಟರನ್ನಲ್ಲ. ಮಗು ಬಂದ ಕೂಡಲೇ ಆಕ್ಸಿಜನ್. ಗ್ಲೂಕೋಮೀಟರಿನಲ್ಲಿ ಸಕ್ಕರೆ ಪರೀಕ್ಷೆ, ಇಳಿದಿದ್ದರೆ ಡೆಕ್ಸ್ಟ್ರೋಸ್. ಐದು ನಿಮಿಷ ದಾಟಿದ ಫಿಟ್ಸಿಗೆ ಮೂಗಿಗೆ ಮಿಡಾಜೊಲಾಮ್. ನ್ಯುಮೋನಿಯಕ್ಕೆ ಕಳಿಸುವ ಮುಂಚೆ ಮೊದಲ ಡೋಸ್ ಆಂಟಿಬಯಾಟಿಕ್. ಕೂಸಾದರೆ ತಾಯಿಯ ಎದೆಗೆ ಒತ್ತಿಸಿ ಬೆಚ್ಚಗಿಟ್ಟು ಕಳಿಸುವುದು. ಇವುಗಳಲ್ಲಿ ಒಂದಕ್ಕೂ ಮಕ್ಕಳ ತಜ್ಞರೇ ಆಗಬೇಕೆಂದಿಲ್ಲ, ತರಬೇತಾದ ಡ್ಯೂಟಿ ಡಾಕ್ಟರು ಮತ್ತು ಸಿಸ್ಟರ್ ಸಾಕು. ಹಾವು ಕಚ್ಚಿದ ಮಗುವನ್ನು ವಿಷನಿರೋಧಕ ಕೊಡದೆ ಕಳಿಸುವುದಂತೂ ನಿಲ್ಲಲೇಬೇಕು. ಮಗುವಿಗೆ ಎಷ್ಟು ಕೊಡಬೇಕೋ ತಿಳಿಯದೆ ಹೆದರಿ ಕಳಿಸುತ್ತಾರೆ. ಆದರೆ ಹಾವು ಬಿಡುವ ವಿಷ ದೊಡ್ಡವರಿಗೂ ಮಕ್ಕಳಿಗೂ ಒಂದೇ, ಆದ್ದರಿಂದ ವಿಷನಿರೋಧಕದ ಪ್ರಮಾಣವೂ ಒಂದೇ. 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ರಾಜ್ಯ ನಮ್ಮದು. ವರದಿಗೆ ಮುಂಚೆ ಇಂಜೆಕ್ಷನ್ ಆಗಬೇಕು.

ಸಣ್ಣ ಊರಿನಲ್ಲಿ ಕೂತು ಏನು ಮಾಡಬಹುದೆಂದು ತೋರಿಸಿದವರು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ ಇದ್ದಾರೆ. ಕೊಂಕಣದ ಮಹಾಡ್ ಭಾಗದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಾಗಿದ್ದಾಗ ಕೆಂಪು ಚೇಳು ಕುಟುಕಿದ ಮಕ್ಕಳು ಕಣ್ಣೆದುರೇ ಸಾಯುತ್ತಿದ್ದರು. ಅವರು ಹಾಸಿಗೆಯ ಪಕ್ಕ ಕೂತು ರೋಗಲಕ್ಷಣಗಳನ್ನು ಬರೆದಿಟ್ಟರು, ಬಿ.ಪಿ.ಗೆ ಕೊಡುವ ಪ್ರಾಜೋಸಿನ್ ಗುಳಿಗೆ ಆ ವಿಷದ ಪರಿಣಾಮವನ್ನು ತಡೆಯುತ್ತದೆಂದು ಕಂಡುಕೊಂಡರು. ಅವರ ಬರಹಗಳು ಲ್ಯಾನ್ಸೆಟ್‌ನಲ್ಲಿ ಬಂದವು, ಸಾವು ನೂರಕ್ಕೆ ಒಂದರ ಮಟ್ಟಕ್ಕಿಳಿಯಿತು. ಆ ಮಕ್ಕಳನ್ನು ಮುಂಬೈಗೆ ಕಳಿಸುತ್ತ ಕೂತಿದ್ದರೆ ಇದು ಆಗುತ್ತಿರಲಿಲ್ಲ.

ಆಫ್ರಿಕದ ಮಲಾವಿ ದೇಶದ ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಆಸ್ಪತ್ರೆಯ ಅನುಭವವನ್ನೂ ಹೇಳಬೇಕು. ಅಲ್ಲಿ ಸೇರಿದ ಮಕ್ಕಳಲ್ಲಿ ನೂರಕ್ಕೆ 10ರಿಂದ 18 ಮಂದಿ ತೀರಿಕೊಳ್ಳುತ್ತಿದ್ದರು. ಡಾ. ಎಲಿಜಬೆತ್ ಮಾಲಿನ್ಯೂ ಮತ್ತು ಅವರ ತಂಡ ಮಕ್ಕಳಿಗೆ ಪ್ರತ್ಯೇಕ ತುರ್ತು ಜಾಗ ಮಾಡಿ, ಬಾಗಿಲಲ್ಲೇ ವಿಂಗಡಿಸುವ ಪದ್ಧತಿ ತಂದು, ಸಿಬ್ಬಂದಿಗೆ ತರಬೇತಿ ಕೊಟ್ಟು, ಕೂಡಲೇ ಚಿಕಿತ್ಸೆ ಶುರುಮಾಡುವಂತೆ ಮಾಡಿದರು. ಸಾವು ನೂರಕ್ಕೆ 6–8ರ ಮಟ್ಟಕ್ಕೆ ಇಳಿಯಿತು. 2006ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ನಮಗಿಂತ ಎಷ್ಟೋ ಬಡ ದೇಶ ಅದು.

ಯಂತ್ರ ಕೊಳ್ಳುವ ಉತ್ಸಾಹದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕೆನಿಸುತ್ತದೆ, ಏಕೆಂದರೆ ಸಮಿತಿಗಳು ಹಣ ಬಂದಾಗ ಮೊದಲು ಯೋಚಿಸುವುದು ಯಂತ್ರವನ್ನೇ. ಢಾಕಾದ ಆಸ್ಪತ್ರೆಯೊಂದರಲ್ಲಿ ಡಾ. ಮೊಹಮ್ಮದ್ ಜೋಬಾಯೆರ್ ಚಿಸ್ತಿ ಅವರ ತಂಡ ಖಾಲಿ ಶಾಂಪೂ ಬಾಟಲಿಯಲ್ಲಿ ನೀರು ತುಂಬಿ ಗುಳ್ಳೆ ಬರಿಸುವ ಉಸಿರಾಟದ ಸಾಧನ ಮಾಡಿತು. ನ್ಯುಮೋನಿಯದ ಮಕ್ಕಳಲ್ಲಿ ಸಾವು ಗಣನೀಯವಾಗಿ ಕಡಿಮೆಯಾಯಿತೆಂದು 2015ರಲ್ಲಿ ವರದಿಯಾಯಿತು. ಅದೇ ಬಗೆಯ ಚಿಕಿತ್ಸೆಯನ್ನು ಮಲಾವಿಯ ಜಿಲ್ಲಾ ಆಸ್ಪತ್ರೆಯೊಂದರಲ್ಲಿ, ದಿನವೂ ವೈದ್ಯರ ನಿಗಾ ಇಲ್ಲದೆ ಕೊಟ್ಟು ನೋಡಿದಾಗ ಮಕ್ಕಳಿಗೆ ಒಳಿತಾಗುವ ಬದಲು ಸಾವು ಹೆಚ್ಚಿತು. ಬಾಟಲಿಯ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದೇ ಎರಡರ ನಡುವಿನ ವ್ಯತ್ಯಾಸ ಎಂದು ನಾನು ಓದಿಕೊಳ್ಳುತ್ತೇನೆ. ಕೋವಿಡ್‌ನ ಮೂರನೇ ಅಲೆ ಮಕ್ಕಳಿಗೆ ಬರುತ್ತದೆಂಬ ಭಯದಲ್ಲಿ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ 23,123 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲ ಜಿಲ್ಲೆಗಳಲ್ಲೂ ಮಕ್ಕಳ ಘಟಕ ಅದರ ಒಂದು ಭಾಗ. ಆ ಕಾಲದಲ್ಲಿ ನಿಮ್ಮ ಆಸ್ಪತ್ರೆಗೆ ಬಂದ ಆಕ್ಸಿಜನ್ ಕಾನ್ಸಂಟ್ರೇಟರ್, ಮಾನಿಟರ್, ಹೈಫ್ಲೋ ಯಂತ್ರಗಳು ಎಲ್ಲಿವೆ? ಒಮ್ಮೆ ಸ್ಟೋರಿನ ಬೀಗ ತೆಗೆಸಿ ನೋಡಿ. ಆಕ್ಸಿಜನ್ ಘಟಕ ಓಡುತ್ತಿದೆಯೇ, ಅದರ ಪೈಪು ಮಕ್ಕಳ ವಾರ್ಡಿಗೆ ಮುಟ್ಟಿದೆಯೇ ಕೇಳಿ. ಹೊಸದನ್ನು ಕೊಳ್ಳುವ ಮುಂಚೆ ಹಳೆಯದಕ್ಕೆ ಮಕ್ಕಳ ಅಳತೆಯ ಮಾಸ್ಕು, ನಳಿಕೆ ತರಿಸಿದರೆ ಅದೇ ದೊಡ್ಡ ಉಪಕಾರ.

ಈಗ ತಾಲ್ಲೂಕಿನ ಡಾಕ್ಟರ ಪರವಾಗಿ ನಾಲ್ಕು ಮಾತು. ಚೀಟಿ ಬರೆದು ಕಳಿಸಿದರೆಂದು ಅವರನ್ನು ಬೈಯುವುದು ಸುಲಭ, ನಮ್ಮ ಪಿಜಿ ಡಾಕ್ಟರುಗಳೂ ಸುಸ್ತಾದಾಗ ಬೈಯುತ್ತಾರೆ. ಆದರೆ ಅವರ ರಾತ್ರಿಯನ್ನು ನೆನೆಸಿಕೊಳ್ಳಿ. ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ಮಕ್ಕಳ ತಜ್ಞರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಯ ಕೊರತೆಯಿದೆಯೆಂದು 2021–22ರ ಗ್ರಾಮೀಣ ಆರೋಗ್ಯ ಅಂಕಿಅಂಶಗಳೇ ಹೇಳುತ್ತವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಮಕ್ಕಳ ಡಾಕ್ಟರು ಇದ್ದರೂ ಅವರು ಹಗಲು ಹೊರರೋಗಿಗಳನ್ನು ನೋಡಿ, ಹೆರಿಗೆ ಕೋಣೆಗೆ ಓಡಿ, ಲಸಿಕೆ ಸಭೆ ಮುಗಿಸಿ ರಾತ್ರಿಯೂ ನಿಲ್ಲಲಾರರು. ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರು ಅಪಘಾತದವರನ್ನೂ ಕುಡಿದು ಬಂದವರನ್ನೂ ಎದೆನೋವಿನವರನ್ನೂ ಒಬ್ಬರೇ ನೋಡಬೇಕು. ಅಲ್ಲಿಗೆ ಉಸಿರು ಎಳೆಯುವ ಮಗು ಬರುತ್ತದೆ, ಜೊತೆಗೆ ಊರಿನ ಮೂವತ್ತು ಜನ ಬರುತ್ತಾರೆ. ಚಿಕಿತ್ಸೆ ಕೊಟ್ಟು ಮಗು ತೀರಿಕೊಂಡರೆ ಬಾಗಿಲ ಗಾಜು ಒಡೆಯುತ್ತದೆ, ಡಾಕ್ಟರ ಕಾಲರಿಗೆ ಕೈ ಹೋಗುತ್ತದೆ. ಮುಟ್ಟದೆ ಕಳಿಸಿದರೆ ದಾರಿಯಲ್ಲಿ ತೀರಿಕೊಂಡರೂ ಯಾರೂ ಕೇಳುವುದಿಲ್ಲ. ಹೆದರಿದ ಮನುಷ್ಯ ಯಾವುದನ್ನು ಆರಿಸಿಕೊಳ್ಳುತ್ತಾನೆಂದು ನಿಮಗೆ ಹೇಳಬೇಕಾಗಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ರಾಜ್ಯದಲ್ಲಿ 2009ರ ಕಾನೂನಿದೆ. ರಾತ್ರಿ ಒಂದು ಗಂಟೆಗೆ ಕಾನೂನಿನ ಪುಸ್ತಕ ಅವರ ಪಕ್ಕ ಬಂದು ನಿಲ್ಲುವುದಿಲ್ಲ.

ನೀವು ನಿಲ್ಲಬಲ್ಲಿರಿ. ಇದೊಂದು ಕೆಲಸವನ್ನು ಬೆಂಗಳೂರಿನ ಯಾವ ಅಧಿಕಾರಿಯೂ ಮಾಡಲಾರ, ನೀವು ಮಾತ್ರ ಮಾಡಬಲ್ಲಿರಿ. ಸಮಿತಿಯಲ್ಲಿರುವವರು ಊರಿನ ಜನ. ಬಂದ ಮೂವತ್ತು ಮಂದಿಯಲ್ಲಿ ಇಪ್ಪತ್ತು ಮಂದಿಯ ಹೆಸರು ನಿಮಗೆ ಗೊತ್ತಿರುತ್ತದೆ. "ಡಾಕ್ಟರು ಮೊದಲು ಇಲ್ಲೇ ಚಿಕಿತ್ಸೆ ಕೊಡ್ತಾರೆ, ಮಗುಗೆ ಆಕ್ಸಿಜನ್ ಹಾಕಿ ಸ್ವಲ್ಪ ಸ್ಥಿರ ಆದಮೇಲೆ ಬೇಕಾದ್ರೆ ಕಳಿಸ್ತಾರೆ, ನಾನಿದೀನಿ" ಎಂದು ನೀವು ಹೇಳಿದರೆ ಕೇಳುತ್ತಾರೆ. ತಿಂಗಳಿಗಿಬ್ಬರು ಸದಸ್ಯರು ರಾತ್ರಿ ಕರೆಗೆ ಸಿಗುವಂತೆ ಪಾಳಿ ಹಾಕಿಕೊಳ್ಳಿ. ಅವರ ಮೊಬೈಲ್ ನಂಬರನ್ನು ಡ್ಯೂಟಿ ಕೋಣೆಯಲ್ಲಿ ಅಂಟಿಸಿ. ಪೊಲೀಸ್ ಠಾಣೆಯ ಜೊತೆ ಮುಂಚೆಯೇ ಮಾತಾಡಿಟ್ಟುಕೊಳ್ಳಿ. ಮಗು ಉಳಿಯದಿದ್ದಾಗಲೂ, ವಿಶೇಷವಾಗಿ ಆಗ, ಆ ಡಾಕ್ಟರ ಜೊತೆ ಮತ್ತು ಆ ತಾಯಿಯ ಜೊತೆ ನಿಲ್ಲಿ. ಇಂಥ ಬೆಂಬಲವಿರುವ ತಾಲ್ಲೂಕಿನಿಂದ ಬರುವ ಚೀಟಿಯ ಬಗೆಯೇ ಬೇರೆ. ಅದರಲ್ಲಿ ತೂಕ, ವೇಳೆ, ಔಷಧಿ ಎಲ್ಲ ಇರುತ್ತದೆ. ಹಾಗೆ ಬಂದ ಮಗುವನ್ನು ನೋಡಿದ ಕೂಡಲೇ ಅಲ್ಲಿ ಯಾರೋ ಧೈರ್ಯವಾಗಿ ಕೆಲಸ ಮಾಡಿದ್ದಾರೆಂದು ನನಗೆ ತಿಳಿಯುತ್ತದೆ.

ಕಳಿಸುವ ಮುಂಚೆ ಫೋನ್ ಮಾಡುವ ಅಭ್ಯಾಸ ಬೆಳೆಸಿ. 108 ಆಂಬುಲೆನ್ಸ್ ನಮ್ಮಲ್ಲಿ 2008ರಿಂದ ಇದೆ, ಮಗುವನ್ನು ಕರೆತರುವ ದಾರಿ ಸುಲಭವಾಯಿತು. ಮಗುವಿನ ಸುದ್ದಿ ಮಾತ್ರ ಮಗುವಿಗಿಂತ ಮೊದಲು ಬರುವುದೇ ಇಲ್ಲ. ಐದು ನಿಮಿಷ ಮಾತಾಡಿದರೆ ಎಷ್ಟೋ ಸಲ ನಮ್ಮ ಡಾಕ್ಟರೇ "ಇದನ್ನು ಅಲ್ಲೇ ನೋಡಿಕೊಳ್ಳಿ, ಹೀಗೆ ಹೀಗೆ ಮಾಡಿ, ಎರಡು ಗಂಟೆ ಬಿಟ್ಟು ಮತ್ತೆ ಹೇಳಿ" ಎನ್ನುತ್ತಾರೆ. ನಮ್ಮಲ್ಲಿ ಬೆಡ್ ಇಲ್ಲದಿದ್ದರೆ ಮಗು ನೂರು ಕಿಲೋಮೀಟರ್ ಬಂದು ಮತ್ತೊಂದು ಆಸ್ಪತ್ರೆಗೆ ಅಲೆಯುವುದೂ ತಪ್ಪುತ್ತದೆ. ಜೀವಕ್ಕೆ ಅಪಾಯವಿರುವ ಮಗುವಿಗೆ ಆರೋಗ್ಯ ಕರ್ನಾಟಕ ಯೋಜನೆಯ ಕಾಗದಕ್ಕಾಗಿ ರೆಫರಲ್ ಚೀಟಿ ಕಡ್ಡಾಯವಿಲ್ಲ ಎಂಬುದನ್ನೂ ಊರಿನಲ್ಲಿ ತಿಳಿಸಿಹೇಳಿ. ಚೀಟಿಗಾಗಿಯೇ ಒಂದು ಗಂಟೆ ಕಾದವರನ್ನು ನೋಡಿದ್ದೇನೆ.

ಇನ್ನೊಂದು ಕೋರಿಕೆ ಬೆಡ್ಡಿನದು. ನಿಮ್ಮ ಮಕ್ಕಳ ವಾರ್ಡಿನಲ್ಲಿ ನಾಲ್ಕೈದು ಬೆಡ್‌ಗಳನ್ನು, ಆಗದಿದ್ದರೆ ಎರಡನ್ನಾದರೂ, ದೊಡ್ಡಾಸ್ಪತ್ರೆಯಿಂದ ಹಿಂದಿರುಗಿ ಬರುವ ಮಕ್ಕಳಿಗೆ ಇಡಿ. ಆಕ್ಸಿಜನ್, ಪಲ್ಸ್ ಆಕ್ಸಿಮೀಟರ್, ರಾತ್ರಿ ಒಬ್ಬ ತರಬೇತಾದ ಸಿಸ್ಟರ್. ಆ ಮಗುವಿನ ಮನೆಯವರಿಗೂ ಇದು ಎಷ್ಟು ದೊಡ್ಡ ಆಸರೆಯೆಂದು ನಿಮಗೆ ಗೊತ್ತು: ಅಪ್ಪ ಕೂಲಿಗೆ ಹೋಗಬಹುದು, ಅಜ್ಜಿ ಊಟ ತರಬಹುದು, ಮನೆಯಲ್ಲಿ ಬಿಟ್ಟುಬಂದ ಇನ್ನೊಂದು ಮಗು ಅಮ್ಮನನ್ನು ನೋಡಬಹುದು. ನಗರದ ಫುಟ್‌ಪಾತಿನಲ್ಲಿ ರಾತ್ರಿ ಕಳೆಯುವ ಅಪ್ಪಂದಿರಲ್ಲಿ ಅರ್ಧ ಜನ ಊರಿಗೆ ಮರಳುತ್ತಾರೆ.

ಮಳೆಗಾಲಕ್ಕೆ ಮುಂಚೆ ಒಂದು ಸಭೆ ಕರೆಯಿರಿ. ಆ ಸಭೆಗೆ ರೆಫರಲ್ ರಿಜಿಸ್ಟರ್ ತರಿಸಿ, ಹಿಂದಿನ ಮಳೆಗಾಲದ ಪುಟಗಳನ್ನು ತಿರುವಿ. ಎಷ್ಟು ಮಕ್ಕಳು ಹೋದರು, ಯಾವ ಹೊತ್ತಿಗೆ ಹೋದರು, ಹೋಗುವ ಮುಂಚೆ ಏನು ಕೊಟ್ಟರು, ಅವರಲ್ಲಿ ಎಷ್ಟು ಮಂದಿ ಮನೆಗೆ ಬಂದರು. ನಾಲ್ಕನೆಯ ಪ್ರಶ್ನೆಗೆ ರಿಜಿಸ್ಟರಿನಲ್ಲಿ ಉತ್ತರ ಇರುವುದಿಲ್ಲ. ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರಿಗೆ ಪ್ರತಿ ಮನೆಯ ಸುದ್ದಿಯೂ ತಿಳಿದಿರುತ್ತದೆ.

ರಾತ್ರಿ ಪಾಳಿಯ ಸಿಸ್ಟರ್‌ಗಳನ್ನು ಒಂದು ವಾರ ನಮ್ಮಲ್ಲಿಗೆ ಕಳಿಸುವುದಾದರೆ ವಿಂಗಡಣೆ, ಆಕ್ಸಿಜನ್ ಕೊಡುವುದು, ಮಕ್ಕಳಿಗೆ ಡ್ರಿಪ್ಸ್ ಲೆಕ್ಕ ಹಾಕುವುದನ್ನು ಕೆಲಸ ಮಾಡುತ್ತಲೇ ಕಲಿಸುತ್ತೇವೆ. ನಮ್ಮ ವಿಭಾಗದ ಮುಖ್ಯಸ್ಥರ ಒಪ್ಪಿಗೆಯಿದೆ, ಉಳಿಯಲು ಹಾಸ್ಟೆಲಿನಲ್ಲಿ ಕೋಣೆ ಕೊಡಿಸುತ್ತೇವೆ. ಬೇರೆ ದೊಡ್ಡ ಮಕ್ಕಳ ಆಸ್ಪತ್ರೆಗಳನ್ನು ಕೇಳಿದರೂ ಇಲ್ಲವೆನ್ನಲಾರರು. ಬಸ್ ಖರ್ಚು ಮತ್ತು ಆ ವಾರ ಅವರ ಬದಲಿಗೆ ಕೆಲಸ ಮಾಡುವವರ ಸಂಬಳವನ್ನು ಸಮಿತಿ ಭರಿಸಬೇಕಾಗುತ್ತದೆ. ಮೇ ತಿಂಗಳ ಆರಂಭದಲ್ಲೇ ಹೆಸರು ಕಳಿಸಿದರೆ ಜೂನ್‌ಗೆ ಮುಂಚೆ ಒಂದು ತಂಡದ ತರಬೇತಿ ಮುಗಿಸಬಹುದು.


ಸರ್ಕಾರಿ ಮಕ್ಕಳ ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿ, ತುರ್ತು ಚಿಕಿತ್ಸಾ ವಿಭಾಗ